ನರಿಯ ರೋಗಶಯ್ಯೆ: ‘ವೋಲ್ಪೋನೆ’ ಪ್ರಹಸನದ ಪಾತ್ರಗಳು

ಸಂತಾನವಿಲ್ಲದ ಧನಿಕನೊಬ್ಬನು ಹಾಸಿಗೆ ಹಿಡಿದನೆಂಬ ವಾರ್ತೆಯು ಊರಿನಲ್ಲಿ ಹಬ್ಬಿತೆಂದರೆ, ಅದುವರೆಗೆ ಅವನ ಮನೆಯ ಹೊಸ್ತಿಲನ್ನು ಮೆಟ್ಟದವರಿಗೂ ಅವನ ಮೇಲೆ ವಾತ್ಸಲ್ಯವು ಉಕ್ಕಿಬರುವುದುಂಟು. ಒಬ್ಬನು ಹಣ್ಣು ತರುವನು. ಒಬ್ಬನು ಕಷಾಯ ತರುವನು. ಮತ್ತೊಬ್ಬನು ದೂರದ ಬಂಧುತ್ವದ ಎಳೆಯೊಂದನ್ನು ಹುಡುಕಿ ತರುವನು. ರೋಗಿಯ ನಾಡಿಯು ಕ್ಷೀಣಿಸಿದಷ್ಟೂ ಬಂದವರ ಆದರವು ಬಲಿಯುತ್ತ ಹೋಗುವುದು. ಲೋಕದಲ್ಲಿ ಎಲ್ಲೆಡೆಯೂ ಕಾಣಬರುವ ಈ ನಡತೆಯನ್ನೇ ವಸ್ತುವಾಗಿ ಹಿಡಿದು, ನಾಲ್ಕುನೂರು ವರ್ಷಗಳಿಗೂ ಹಿಂದೆ, ಇಂಗ್ಲೆಂಡಿನ ನಾಟಕಕಾರನಾದ ಬೆನ್ ಜಾನ್ಸನ್ನನು ‘ವೋಲ್ಪೋನೆ’ ಎಂಬ ಪ್ರಹಸನವನ್ನು ರಚಿಸಿದನು. ನಗಿಸುವ ನಾಟಕಗಳು ಅನೇಕವಾಗಿವೆ. ನಕ್ಕ ಮೇಲೆ ನಮ್ಮ ಮನೆಯ ಕಡೆಗೇ ಒಮ್ಮೆ ತಿರುಗಿ ನೋಡುವಂತೆ ಮಾಡುವ ನಾಟಕಗಳು ವಿರಳ. ಇದು ಆ ಎರಡನೆಯ ವರ್ಗಕ್ಕೆ ಸೇರಿದುದು. ಇದರ ಪಾತ್ರಗಳನ್ನು ಒಂದೊಂದಾಗಿ ವಾಚಕರ ಮುಂದೆ ನಿಲ್ಲಿಸುವುದೇ ಈ ಲೇಖನದ ಉದ್ದೇಶ.

ಜಾನ್ಸನ್ನನು ೧೫೭೨ರಲ್ಲಿ ಜನಿಸಿ ೧೬೩೭ರಲ್ಲಿ ಕಾಲವಾದನು. ಷೇಕ್ಸ್‌ಪಿಯರನಿಗಿಂತ ಎಂಟು ವರ್ಷ ಕಿರಿಯನು. ಅವನ ಮಲತಂದೆಯು ಇಟ್ಟಿಗೆಯ ಗೋಡೆ ಕಟ್ಟುವ ಕಸುಬಿನವನು. ತಾನೂ ಕೆಲವು ಕಾಲ ಆ ಕಸುಬಿನಲ್ಲಿ ಕೈ ನೋಯಿಸಿಕೊಂಡವನು. ಆದರೆ ಬಾಲ್ಯದಲ್ಲಿ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ವಿಲಿಯಂ ಕ್ಯಾಮ್ಡನ್ ಎಂಬ ವಿದ್ವಾಂಸನ ಶಿಷ್ಯನಾಗಿ ಲ್ಯಾಟಿನ್ ಭಾಷೆಯನ್ನು ಚೆನ್ನಾಗಿ ಕಲಿತಿದ್ದನು. ೧೫೯೮ರಲ್ಲಿ ಈತನು ದ್ವಂದ್ವಯುದ್ಧದಲ್ಲಿ ನಟನೊಬ್ಬನನ್ನು ಕೊಂದನು. ಗಲ್ಲಿಗೇರಬೇಕಾಗಿದ್ದ ಆ ಸಮಯದಲ್ಲಿ, ಲ್ಯಾಟಿನ್ ಓದಬಲ್ಲವರಿಗೆ ಅಂದಿನ ಕಾನೂನು ಕೊಡುತ್ತಿದ್ದ ವಿನಾಯಿತಿಯಿಂದ ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಪ್ರಾಣವನ್ನುಳಿಸಿಕೊಂಡನು. ವಿದ್ಯೆಯು ಆಪತ್ತಿನಲ್ಲಿ ಕಾಯುವುದೆಂದು ನಾವು ಉಪಾಧ್ಯಾಯರು ಮಕ್ಕಳಿಗೆ ಹೇಳುತ್ತ ಬಂದಿರುವ ಮಾತಿಗೆ ಇಷ್ಟು ಸ್ಪಷ್ಟವಾದ ನಿದರ್ಶನವು ದೊರೆಯುವುದು ಅಪರೂಪವೇ ಸರಿ.

‘ವೋಲ್ಪೋನೆ’ಯು ೧೬೦೬ರ ಆರಂಭದಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ, ಷೇಕ್ಸ್‌ಪಿಯರನು ಸೇರಿದ್ದ ರಾಜಾಶ್ರಿತ ಮಂಡಳಿಯಿಂದ ಪ್ರಥಮತಃ ಆಡಲ್ಪಟ್ಟಿತು. ಐದು ವಾರಗಳಲ್ಲಿ ಇದನ್ನು ಬರೆದು ಮುಗಿಸಿದುದಾಗಿ ಕವಿಯು ಪ್ರಸ್ತಾವನೆಯಲ್ಲಿ ಹೆಮ್ಮೆಪಟ್ಟುಕೊಂಡಿರುವನು. ೧೬೦೭ರಲ್ಲಿ ಅಚ್ಚಾದಾಗ ಇದನ್ನು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳೆರಡಕ್ಕೂ ಅರ್ಪಿಸಿದನು. ಗೋಡೆ ಕಟ್ಟಿದ ಕೈಯಿಂದ ಬಂದ ಕೃತಿಯನ್ನು ವಿದ್ಯಾಪೀಠಗಳು ಅಂಗೀಕರಿಸಿದುವು.

ಪ್ರಹಸನವೆಂಬ ಹೆಸರು ನಮಗೆ ಹೊಸದಲ್ಲ. ಭರತಮುನಿಯು ಹೇಳಿದ ಹತ್ತು ರೂಪಕಗಳಲ್ಲಿ ಅದೂ ಒಂದು. ವಿಟರು, ಚೇಟರು, ಧೂರ್ತರು ಮೊದಲಾದವರು ಬರುವ ಬಗೆಗೆ ಸಂಕೀರ್ಣವೆಂದು ಹೆಸರು. ನಮ್ಮ ಪ್ರಹಸನಗಳು ಸಾಮಾನ್ಯವಾಗಿ ಚಿಕ್ಕವು. ಜಾನ್ಸನ್ನನದು ಐದು ಅಂಕಗಳ ದೊಡ್ಡ ನಾಟಕ. ಆದರೆ ಲೋಕದ ಧೂರ್ತತನವನ್ನು ಸಭೆಯ ಮುಂದೆ ಬಿಚ್ಚಿಹಾಕುವ ಉದ್ದೇಶವು ಎರಡಕ್ಕೂ ಸಮಾನ.

ಹೆಸರುಗಳ ಅರ್ಥ

ಕಥೆಯು ನಡೆಯುವುದು ವೆನಿಸ್ ನಗರದಲ್ಲಿ. ಆ ಕಾಲದಲ್ಲಿ ಅದು ಸ್ವತಂತ್ರ ಗಣರಾಜ್ಯ. ಸಮುದ್ರವ್ಯಾಪಾರದಿಂದ ಐಶ್ವರ್ಯವನ್ನು ಗಳಿಸಿದ ಪಟ್ಟಣ. ಇಟಲಿಯ ಭಾಷೆಯಲ್ಲಿ ವೋಲ್ಪೋನೆ ಎಂದರೆ ಮಹಾನರಿ. ಅವನ ಅನುಚರನಾದ ಮೋಸ್ಕಾ ಎಂದರೆ ನೊಣ. ನಮ್ಮ ಕಿವಿಗೆ ಆ ಹೆಸರಿನಲ್ಲಿ ‘ಮೋಸ’ವೇ ಕೇಳಿಬರುವುದು, ಅದೂ ತಪ್ಪಲ್ಲ. ಆಸ್ತಿಗಾಗಿ ಕಾದು ಕುಳಿತವರು ಮೂವರು: ವಕೀಲನಾದ ವೋಲ್ತೋರೆ, ಎಂದರೆ ರಣಹದ್ದು, ಮುದುಕನಾದ ಕೋರ್ಬಾಚ್ಚಿಯೋ, ಎಂದರೆ ಕಾಡುಕಾಗೆ, ವರ್ತಕನಾದ ಕೋರ್ವಿನೋ, ಎಂದರೆ ಸಣ್ಣ ಕಾಗೆ. ಮೂರೂ ಹೆಣಕ್ಕೆ ಎರಗುವ ಪಕ್ಷಿಗಳು.

ನರಿಯು ಸತ್ತಂತೆ ಅಂಗಾತ ಬಿದ್ದುಕೊಂಡು, ಕುಕ್ಕಲು ಬಂದ ಪಕ್ಷಿಗಳನ್ನು ಹಿಡಿದು ತಿನ್ನುವುದೆಂಬ ಕಥೆಯು ಯುರೋಪಿನಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದ್ದಿತು. ಅದಲ್ಲದೆ ಪ್ರಾಚೀನ ರೋಮಿನಲ್ಲಿ ಮಕ್ಕಳಿಲ್ಲದ ವೃದ್ಧರನ್ನು ಉಪಚರಿಸಿ ಅವರ ಮರಣಶಾಸನದಲ್ಲಿ ಹೆಸರು ಸೇರಿಸಿಕೊಳ್ಳುವುದನ್ನೇ ಒಂದು ಉದ್ಯೋಗವಾಗಿ ಮಾಡಿಕೊಂಡವರಿದ್ದರು. ಹೊರೇಸ್ ಕವಿಯು ತನ್ನ ವಿಡಂಬನೆಯೊಂದರಲ್ಲಿ ಇಂತಹವರನ್ನು ಚೆನ್ನಾಗಿ ಹಾಸ್ಯಮಾಡಿರುವನು. ಜಾನ್ಸನ್ನನು ಈ ಎರಡನ್ನೂ ಹೆಣೆದು ತನ್ನ ನಾಟಕವನ್ನು ಕಟ್ಟಿದನು. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದ ಪಂಚತಂತ್ರದ ಬಳಕೆಯುಳ್ಳ ನಮಗೆ, ಮೃಗಪಕ್ಷಿಗಳ ಹೆಸರಿನಲ್ಲಿ ಮನುಷ್ಯರ ನಡತೆಯನ್ನು ತಿಳಿಯುವುದು ಕಷ್ಟವಲ್ಲ.

ನರಿ

ವೋಲ್ಪೋನೆಯು ವೆನಿಸ್ಸಿನ ಕುಲೀನ ಶ್ರೀಮಂತನು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ತಾಯಿತಂದೆಗಳಿಲ್ಲ. ಬೆಳಿಗ್ಗೆ ಎದ್ದೊಡನೆ ಅವನು ನಮಸ್ಕರಿಸುವುದು ದೇವರಿಗಲ್ಲ, ತನ್ನ ಚಿನ್ನದ ರಾಶಿಗೆ. ನಾವು ಸೂರ್ಯನಿಗೆ ಸಲ್ಲಿಸುವ ಸ್ತುತಿಯನ್ನು ಅವನು ಪೆಟ್ಟಿಗೆಯಲ್ಲಿರುವ ಲೋಹಕ್ಕೆ ಸಲ್ಲಿಸುವನು. ನಾಟಕದ ಮೊದಲನೆಯ ದೃಶ್ಯವೇ ಇದು. ಮುಂದೆ ನಡೆಯುವ ಅನರ್ಥಗಳೆಲ್ಲವೂ ಈ ಪೂಜೆಯ ಫಲ.

ಆದರೆ ಇವನು ಸಾಮಾನ್ಯ ಲೋಭಿಯಲ್ಲ. ಹೊಲವನ್ನು ಉತ್ತು, ಹಡಗನ್ನು ಕಳುಹಿಸಿ, ಬಡ್ಡಿಗೆ ಸಾಲ ಕೊಟ್ಟು ಸಂಪಾದಿಸುವುದೆಲ್ಲ ಇವನಿಗೆ ಬೇಸರ. ಇವನ ಉಪಾಯವೇ ಬೇರೆ. ಮೂರು ವರ್ಷಗಳಿಂದ ಇವನು ಸಾಯುವಂತೆ ನಟಿಸುತ್ತಿರುವನು. ಯಾರಾದರೂ ಬಾಗಿಲು ತಟ್ಟಿದೊಡನೆ ತುಪ್ಪುಳಿನ ನಿಲುವಂಗಿಯನ್ನು ಹೊದೆದು, ಕಣ್ಣಿಗೆ ಲೇಪವನ್ನು ಬಳಿದುಕೊಂಡು, ಕೆಮ್ಮು, ಕ್ಷಯ, ವಾತ, ಪಾರ್ಶ್ವವಾಯುಗಳನ್ನೆಲ್ಲ ಒಟ್ಟಿಗೆ ಕರೆದುಕೊಂಡು ಮಂಚದ ಮೇಲೆ ಒರಗುವನು. ಬಂದವನು ತನ್ನ ಹೆಸರು ಉಯಿಲಿನಲ್ಲಿ ಬರಲೆಂಬ ಆಸೆಯಿಂದ ಬೆಳ್ಳಿಯ ಪಾತ್ರೆಯನ್ನೋ ಮುತ್ತನ್ನೋ ಇಟ್ಟು ಹೋಗುವನು. ಹೋದೊಡನೆ ರೋಗಿಯು ಮಂಚದಿಂದ ಹಾರಿ ಕುಣಿಯುವನು. ಒಡವೆಯನ್ನು ಪಡೆಯುವುದಕ್ಕಿಂತಲೂ ಅದನ್ನು ಪಡೆಯುವ ಚಾತುರ್ಯದಲ್ಲಿಯೇ ತನಗೆ ಹೆಚ್ಚು ಸಂತೋಷವೆಂದು ಅವನೇ ಹೇಳಿಕೊಳ್ಳುವನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅವನ ನಾಶದ ಬೀಜವು ಇದರಲ್ಲಿಯೇ ಇದೆ.

ಹಿತೋಪದೇಶದ ಮುದಿಹುಲಿಯ ಕಥೆಯನ್ನು ಎಲ್ಲರೂ ಬಲ್ಲರು. ಅದು ಸ್ನಾನಮಾಡಿ, ದರ್ಭೆಯನ್ನು ಹಿಡಿದು, ಸರೋವರದ ತೀರದಲ್ಲಿ ಕುಳಿತು, ಚಿನ್ನದ ಕಂಕಣವನ್ನು ದಾನಕೊಡುವೆನೆಂದು ದಾರಿಗನನ್ನು ಕರೆಯಿತು. ಹುಲಿಗೆ ಓಡಿ ಹಿಡಿಯುವ ಶಕ್ತಿಯಿರಲಿಲ್ಲ. ದಾರಿಗನು ತಾನಾಗಿ ಕೆಸರಿಗೆ ಇಳಿದನು. ಅವನನ್ನು ಅಲ್ಲಿಗೆ ಇಳಿಸಿದುದು ಅವನ ಆಸೆ. ವೋಲ್ಪೋನೆಯೂ ಹಾಗೆಯೇ ಮಂಚವನ್ನು ಬಿಟ್ಟು ಕದಲದೆ ಬೇಟೆಯಾಡುವನು.

ಮೂರು ಪಕ್ಷಿಗಳು

ಈ ಮೂವರೂ ಕೊಟ್ಟುದು ಮುತ್ತುರತ್ನಗಳನ್ನು ಮಾತ್ರವೆಂದು ತಿಳಿದರೆ ನಾಟಕದ ಮರ್ಮವು ತಪ್ಪಿಹೋಗುವುದು. ಒಬ್ಬೊಬ್ಬನ ಬಳಿಯೂ ಅವನದಲ್ಲದ ಒಂದು ನ್ಯಾಸವಿದ್ದಿತು. ಕಾಪಾಡುವುದಕ್ಕಾಗಿ ಮಾತ್ರ ಅವನ ಕೈಯಲ್ಲಿಟ್ಟ ವಸ್ತುವದು. ವಕೀಲನ ಬಳಿ ಸತ್ಯ, ತಂದೆಯ ಬಳಿ ಮಗನ ಬಾಳು, ಗಂಡನ ಬಳಿ ಹೆಂಡತಿಯ ಮಾನ. ಬಂದೀತೆಂಬ ಆಸ್ತಿಯ ಸಲುವಾಗಿ ಮೂವರೂ ಆ ನ್ಯಾಸವನ್ನೇ ಮಾರಿದರು.

ವೋಲ್ತೋರೆಯು ಮೂವರಲ್ಲಿ ವಿದ್ಯಾವಂತನು. ವೋಲ್ಪೋನೆಯ ಲಾಂಛನವನ್ನು ಕೆತ್ತಿಸಿದ ಬೆಳ್ಳಿಯ ಪಾತ್ರೆಯನ್ನು ರೋಗಿಗೆ ಒಪ್ಪಿಸುವನು. ಎರಡು ಪಕ್ಷಕ್ಕೂ ಒಂದೇ ಸಮನಾಗಿ ವಾದಿಸಿ, ಎರಡು ಕಡೆಯಿಂದಲೂ ಹಣವನ್ನು ಪಡೆಯಬಲ್ಲ ನಾಲಿಗೆಯೆಂದು ಮೋಸ್ಕಾ ಅವನನ್ನು ಹೊಗಳಿದರೆ, ಅದು ಬೈಗುಳವೆಂದು ಅವನಿಗೆ ಹೊಳೆಯುವುದಿಲ್ಲ. ನಾಲ್ಕನೆಯ ಅಂಕದಲ್ಲಿ ಇವನು ನ್ಯಾಯಸಭೆಯ ಮುಂದೆ ನಿಂತು ನಿರಪರಾಧಿಗಳಿಬ್ಬರನ್ನು ಅಪರಾಧಿಗಳೆಂದು ತೋರಿಸುವನು. ವಾದವು ಎಷ್ಟು ಸೊಗಸಾಗಿದೆಯೆಂದರೆ, ಕೇಳುವ ನಮಗೂ ಒಂದು ಕ್ಷಣ ತಲೆದೂಗಬೇಕೆನಿಸುವುದು. ಸತ್ಯವನ್ನು ಬಿಟ್ಟ ವಿದ್ಯೆಯು ಎಷ್ಟು ಸಮರ್ಥವಾಗಿದ್ದರೆ ಅಷ್ಟು ಭಯಂಕರವೆಂಬುದನ್ನು ತೋರಿಸಲು ಈ ಪಾತ್ರವೊಂದೇ ಸಾಕು.

ಕೋರ್ಬಾಚ್ಚಿಯೋ ಹಾಸ್ಯಕ್ಕೂ ಜುಗುಪ್ಸೆಗೂ ಸಮನಾಗಿ ಪಾತ್ರನಾದ ಮುದುಕ. ಕಿವಿ ಕೇಳದು, ಕಣ್ಣು ಕಾಣದು, ಹಲ್ಲಿಲ್ಲ. ‘ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂಬ ನಮ್ಮ ಗಾದೆಗೆ ತಕ್ಕ ವಯಸ್ಸು. ಆದರೂ ತನಗಿಂತ ಕಿರಿಯನಾದವನ ಸಾವಿಗಾಗಿ ಕಾದಿರುವನು! ರೋಗವನ್ನು ನಟಿಸುವವನು ಮಂಚದ ಮೇಲೆ, ನಿಜವಾದ ರೋಗಿಯು ಮಂಚದ ಪಕ್ಕದಲ್ಲಿ. ಅವನು ಮದ್ದೊಂದನ್ನು ತರುವನು. ಅದು ಎಂತಹ ಮದ್ದೆಂಬುದನ್ನು ಅರಿತ ಮೋಸ್ಕಾ ನಯವಾಗಿ ಬೇಡವೆನ್ನುವನು. ಆಮೇಲೆ ಚಿನ್ನದ ನಾಣ್ಯಗಳ ಚೀಲವು ಹೊರಬರುವುದು. ರೋಗಿಯು ಹೇಗಿರುವನೆಂದು ಕೇಳಿ, ಬಾಯಿ ತೆರೆದೇ ಉಳಿಯಿತು, ಕೀಲುಗಳು ಹಿಡಿದುವು, ಮೈಬಣ್ಣ ಸೀಸದಂತಾಯಿತು ಎಂದು ಮೋಸ್ಕಾ ಒಂದೊಂದಾಗಿ ವರ್ಣಿಸುತ್ತಿರಲು, ಪ್ರತಿಯೊಂದಕ್ಕೂ ‘ಒಳ್ಳೆಯದು’ ಎನ್ನುತ್ತ ಹೋಗುವನು. ರೋಗಿಯ ಮನಸ್ಸನ್ನು ಗೆಲ್ಲಲು, ತನ್ನ ಒಬ್ಬನೇ ಮಗನಾದ ಬೊನಾರಿಯೋವಿನ ಹಕ್ಕನ್ನು ತಪ್ಪಿಸಿ ವೋಲ್ಪೋನೆಯನ್ನೇ ತನ್ನ ವಾರಸುದಾರನನ್ನಾಗಿ ಬರೆಯಬೇಕೆಂದು ಮೋಸ್ಕಾ ಸೂಚಿಸುವನು. ಹೇಗಿದ್ದರೂ ವೋಲ್ಪೋನೆಯು ಮೊದಲು ಸಾಯುವನಷ್ಟೆ, ಎರಡು ಆಸ್ತಿಗಳೂ ಒಂದಾಗಿ ಕಡೆಗೆ ಮಗನಿಗೇ ಬರುವುವು ಎಂದು ಮುದುಕನು ಲೆಕ್ಕಹಾಕುವನು. ಮಗನ ಒಳಿತಿಗಾಗಿಯೇ ಮಗನನ್ನು ಬೀದಿಗೆ ಹಾಕುತ್ತಿರುವೆನೆಂದು ನಂಬುವ ಈ ತರ್ಕವು ನಗೆ ಬರಿಸುವುದು. ಆದರೆ ಇಂತಹ ತರ್ಕವನ್ನು ನಾವು ಬೇರೆಲ್ಲಿಯೂ ಕೇಳಿಲ್ಲವೆಂದು ಹೇಳಲಾರೆವು.

ಕೋರ್ವಿನೋ ಮೂವರಲ್ಲಿಯೂ ಕಡುನೀಚನು. ಅವನು ತಂದ ಮುತ್ತು, ವಜ್ರಗಳನ್ನು ಪ್ರಜ್ಞೆಯಿಲ್ಲದವನಂತೆ ಬಿದ್ದಿರುವ ರೋಗಿಯು ಬಿಗಿಯಾಗಿ ಹಿಡಿದುಕೊಳ್ಳುವನು. ಕಿವಿ ಕೇಳಿಸದೆಂದು ನಂಬಿ ಇವನು ರೋಗಿಯ ಮುಖದೆದುರಿಗೇ ಬೈಗುಳಗಳನ್ನು ಸುರಿಸುವನು. ದಿಂಬಿನಿಂದ ಉಸಿರು ಕಟ್ಟಿಸಿಬಿಡಲೇ ಎಂದು ಮೋಸ್ಕಾ ಕೇಳಿದರೆ, ನಿನ್ನಿಷ್ಟದಂತೆ ಮಾಡು, ನಾನು ಮಾತ್ರ ಇಲ್ಲಿರುವುದಿಲ್ಲವೆಂದು ಜಾರಿಕೊಳ್ಳುವನು. ಕೊಲೆಯು ಬೇಡವೆಂದಲ್ಲ, ಕಣ್ಣಿಗೆ ಬೀಳದಿದ್ದರೆ ಸಾಕು.

ಇವನಿಗೆ ಸೀಲಿಯಾ ಎಂಬ ಸಾಧ್ವಿಯಾದ ಹೆಂಡತಿಯಿರುವಳು. ಆಕೆಯ ಚೆಲುವಿನ ವರ್ಣನೆಯನ್ನು ಕೇಳಿದ ವೋಲ್ಪೋನೆಯು, ಸರ್ವರೋಗಹರವೆಂದು ಎಣ್ಣೆಯನ್ನು ಮಾರುವ ಅಳಲೆಕಾಯಿ ಪಂಡಿತನ ವೇಷವನ್ನು ಹಾಕಿಕೊಂಡು ಆಕೆಯ ಕಿಟಕಿಯ ಕೆಳಗೆ ನಿಂತು ಕೂಗುವನು. ಆಕೆಯು ತನ್ನ ಕರವಸ್ತ್ರವನ್ನು ಕೆಳಗೆ ಎಸೆದಳೆಂಬ ಒಂದೇ ಕಾರಣದಿಂದ ಗಂಡನು ಹುಚ್ಚನಂತೆ ಕೆರಳಿ, ಕಿಟಕಿಯನ್ನು ಗೋಡೆಯಿಂದ ಮುಚ್ಚಿಸುವೆನು, ಗೆರೆ ಎಳೆದು ಅದನ್ನು ದಾಟದಂತೆ ಮಾಡುವೆನು ಎಂದು ಗರ್ಜಿಸುವನು. ಅಷ್ಟರಲ್ಲಿ ಮೋಸ್ಕಾ ಬರುವನು. ರೋಗಿಯು ಸ್ವಲ್ಪ ಚೇತರಿಸಿಕೊಂಡನು; ತರುಣಿಯೊಬ್ಬಳು ಪಕ್ಕದಲ್ಲಿ ಮಲಗಿದರೆ ಗುಣವಾಗುವುದೆಂದು ವೈದ್ಯರು ಹೇಳಿರುವರು; ವೈದ್ಯನೊಬ್ಬನು ತನ್ನ ಮಗಳನ್ನೇ ಕಳುಹಿಸಲು ಸಿದ್ಧನಾಗಿರುವನು ಎಂದು ಅವನು ಹೇಳಿದುದೇ ತಡ, ತನಗಿಂತ ಮುಂದಾಗಿ ಬೇರೊಬ್ಬನು ಆಸ್ತಿಯನ್ನು ಹೊಡೆದುಕೊಂಡಾನೆಂಬ ದಿಗಿಲು ಕೋರ್ವಿನೋವನ್ನು ಹಿಡಿಯುವುದು. ಗಳಿಗೆಯ ಹಿಂದೆ ಕಿಟಕಿಯನ್ನು ಮುಚ್ಚಿಸಹೊರಟವನೇ ಹೆಂಡತಿಗೆ ಒಳ್ಳೆಯ ಸೀರೆ ಒಡವೆಗಳಂತಹ ತನ್ನ ನಾಡಿನ ಸಿಂಗಾರವನ್ನೆಲ್ಲ ತೊಡಿಸಿ ನರಿಯ ಮನೆಗೆ ಎಳೆದೊಯ್ಯುವನು. ಮಾನವೇನಾಗಬೇಕೆಂದು ಆಕೆಯು ಕೇಳಿದರೆ, ಅದು ಬರಿಯ ಗಾಳಿಯ ಮಾತೆನ್ನುವನು. ಅವನ ಅಸೂಯೆಯು ಪ್ರೀತಿಯಿಂದ ಹುಟ್ಟಿದುದಲ್ಲ. ಹೆಂಡತಿಯೂ ಅವನ ಉಗ್ರಾಣದ ಒಂದು ಸರಕು. ಬೆಲೆ ಕುದುರದಿದ್ದಾಗ ಬೀಗ, ಕುದುರಿದಾಗ ಮಾರಾಟ. ಈ ಎರಡು ದೃಶ್ಯಗಳನ್ನು ಬೆನ್ನುಬೆನ್ನಿಗೆ ಇಟ್ಟುದೇ ಕವಿಯ ದೊಡ್ಡ ವ್ಯಾಖ್ಯಾನ.

ನೊಣ

ಮೋಸ್ಕಾ ಪರಾನ್ನಜೀವಿ. ಲೋಕದಲ್ಲಿ ಬುದ್ಧಿವಂತರೆಲ್ಲ ಪರಾನ್ನಜೀವಿಗಳೋ ಉಪಪರಾನ್ನಜೀವಿಗಳೋ ಆಗಿರುವರೆಂಬುದು ಅವನ ಸಿದ್ಧಾಂತ. ಅವನ ಕೌಶಲವು ಪಂಚತಂತ್ರದ ದಮನಕನದು; ಸಿಂಹಕ್ಕೆ ಒಂದು, ಎತ್ತಿಗೆ ಒಂದು ಹೇಳಿ ಎರಡನ್ನೂ ಕೆಡಿಸಿದ ನರಿಯಂತೆ, ಇವನು ಒಬ್ಬೊಬ್ಬನಿಗೂ ಏಕಾಂತದಲ್ಲಿ ‘ನೀವೇ ವಾರಸುದಾರರು’ ಎಂದು ನಂಬಿಸುವನು. ಆದರೆ ಸೂಕ್ಷ್ಮವಾಗಿ ನೋಡಿದರೆ ಮೋಸ್ಕಾ ಯಾರ ಮನಸ್ಸಿನಲ್ಲಿಯೂ ಹೊಸ ಆಸೆಯನ್ನು ಬಿತ್ತುವುದಿಲ್ಲ. ವೈದ್ಯನ ಮಗಳ ಸಂಗತಿಯನ್ನು ಹೇಳಿ ಸುಮ್ಮನಾಗುವನು. ಹೆಂಡತಿಯನ್ನು ಕರೆತರುವೆನೆಂಬ ಮಾತು ಕೋರ್ವಿನೋವಿನ ಬಾಯಿಂದಲೇ ಬರುವುದು. ನೊಣವು ವ್ರಣವನ್ನು ಉಂಟುಮಾಡುವುದಿಲ್ಲ, ವ್ರಣವಿರುವಲ್ಲಿ ಕೂರುವುದು.

ಗಿಳಿಗಳು

ವೆನಿಸ್ಸಿಗೆ ಬಂದ ಇಂಗ್ಲಿಷ್ ದಂಪತಿಗಳಿಬ್ಬರು ಈ ಕಥೆಯ ಅಂಚಿನಲ್ಲಿ ಸುಳಿದಾಡುವರು. ಸರ್ ಪೊಲಿಟಿಕ್ ಎಂಬಾತನು ತನ್ನನ್ನು ಮಹಾ ರಾಜಕಾರಣಿಯೆಂದು ಭಾವಿಸಿರುವನು. ಹಡಗಿನಲ್ಲಿ ಪ್ಲೇಗು ಇದೆಯೋ ಇಲ್ಲವೋ ಎಂಬುದನ್ನು ಹೆಚ್ಚಿದ ಈರುಳ್ಳಿಯಿಂದ ಕಂಡುಹಿಡಿಯುವ ಯೋಜನೆಯು ಅವನಲ್ಲಿದೆ. ಇಲಿಯು ಚರ್ಮದ ಪಟ್ಟಿಯನ್ನು ಕಡಿದುದು, ಹಲ್ಲುಕಡ್ಡಿ ಕೊಂಡುದು ಮೊದಲಾದ ಮಹತ್ಕಾರ್ಯಗಳನ್ನು ದಿನಚರಿಯಲ್ಲಿ ಬರೆದಿಡುವನು. ಕಡೆಗೆ, ರಾಜದ್ರೋಹಿಯೆಂದು ಹಿಡಿಯಲು ಅಧಿಕಾರಿಗಳು ಬರುತ್ತಿರುವರೆಂದು ಬೇರೊಬ್ಬ ಪ್ರವಾಸಿಯು ಹೆದರಿಸಲು, ಆಮೆಯ ಚಿಪ್ಪಿನೊಳಗೆ ಅಡಗಿ ನಗೆಗೀಡಾಗುವನು. ಆತನ ಪತ್ನಿಯೂ ಕೈಯಿಂದ ಹೆಣೆದ ಟೊಪ್ಪಿಗೆಯೊಂದನ್ನು ಹಿಡಿದು ಆಸ್ತಿಯ ಆಸೆಗೆ ಬಂದವಳೇ. ಔಷಧಗಳನ್ನೂ ಕವಿಗಳ ಹೆಸರುಗಳನ್ನೂ ಆಕೆಯು ಎಡೆಬಿಡದೆ ಹೇಳುತ್ತಿರಲು, ರೋಗವನ್ನು ನಟಿಸುತ್ತಿದ್ದ ವೋಲ್ಪೋನೆಗೆ ನಿಜವಾಗಿಯೂ ತಲೆ ಸುತ್ತಿಬರುವುದು. ಹದ್ದುಕಾಗೆಗಳ ನಡುವೆ ಇವು ಗಿಳಿಗಳು: ಕೇಳಿದುದನ್ನು ನುಡಿಯುವುವು, ಕಂಡುದನ್ನು ಅನುಕರಿಸುವುವು.

ಇಬ್ಬರು ಸಜ್ಜನರು

ಸೀಲಿಯಾ, ಬೊನಾರಿಯೋ ಇಬ್ಬರೂ ನಿರ್ದೋಷಿಗಳು. ವೋಲ್ಪೋನೆಯು ಮಂಚದಿಂದ ಎದ್ದು ಐಶ್ವರ್ಯದ ಆಸೆ ತೋರಿಸಿದಾಗ ಸೀಲಿಯಾ ಒಪ್ಪುವುದಿಲ್ಲ. ಬಲಾತ್ಕಾರಕ್ಕೆ ಕೈಯೆತ್ತಿದಾಗ, ಮೋಸ್ಕಾನಿಂದಲೇ ಆ ಮನೆಗೆ ಕರೆತರಲ್ಪಟ್ಟಿದ್ದ ಬೊನಾರಿಯೋ ಹೊರಕ್ಕೆ ಹಾರಿಬಂದು ಆಕೆಯನ್ನು ಬಿಡಿಸುವನು. ಧೂರ್ತರೆಲ್ಲ ಇಷ್ಟು ಸಜೀವವಾಗಿರುವಾಗ ಸಜ್ಜನರಿಬ್ಬರೂ ಏಕೆ ಇಷ್ಟು ಮಂಕಾಗಿರುವರೆಂದು ಓದುಗರು ಕೇಳುವುದುಂಟು. ನನಗೆ ತೋರುವ ಉತ್ತರವಿದು. ನ್ಯಾಯಸಭೆಯಲ್ಲಿ ನಿಮ್ಮ ಸಾಕ್ಷಿಗಳಾರೆಂದು ಕೇಳಿದಾಗ, ಅವರು ತಮ್ಮ ಅಂತಃಸಾಕ್ಷಿಯನ್ನೂ ದೇವರನ್ನೂ ಬಿಟ್ಟರೆ ಬೇರೆ ಯಾರನ್ನೂ ಕರೆಯಲಾರರು. ಇವು ಅಲ್ಲಿ ಸಾಕ್ಷ್ಯವಲ್ಲವೆಂದು ನ್ಯಾಯಾಧೀಶರು ಹೇಳುವರು. ಎದುರಿಗೆ ನಿಂತವರಾದರೋ ತಂದೆ, ಗಂಡ, ವಿದ್ವಾಂಸನಾದ ವಕೀಲ. ಲೋಕವು ನಂಬಬೇಕಾದವರೆಲ್ಲ ಸುಳ್ಳಿನ ಪಕ್ಷಕ್ಕೆ ಸೇರಿರುವರು. ಅಂತಹ ಸಭೆಯಲ್ಲಿ ಸತ್ಯವು ಮೂಕವಾಗಿ ಕಾಣದೆ ಮತ್ತೆ ಹೇಗೆ ಕಂಡೀತು?

ನರಿಯ ಪತನ

ಸುಳ್ಳು ಗೆದ್ದಿತು. ರೋಗಿಯನ್ನು ಹೊತ್ತು ತಂದು ಸಭೆಯಲ್ಲಿಟ್ಟು, ಈ ಮರಣೋನ್ಮುಖನೇ ಬಲಾತ್ಕಾರ ಮಾಡುವವನೆಂದು ವಕೀಲನು ಅಣಕಿಸಿದಾಗ ಎಲ್ಲರೂ ನಂಬಿದರು. ಇಲ್ಲಿಗೆ ವೋಲ್ಪೋನೆಯು ಸುಮ್ಮನಿದ್ದಿದ್ದರೆ ಅವನನ್ನು ಹಿಡಿಯುವವರಾರೂ ಇರಲಿಲ್ಲ. ಆದರೆ ಮೋಸದ ರುಚಿಯು ಅವನನ್ನು ಬಿಡದು. ಪಕ್ಷಿಗಳ ಮುಖವು ಬಾಡುವುದನ್ನು ಕಣ್ಣಾರೆ ಕಾಣಬೇಕೆಂಬ ಚಪಲದಿಂದ, ತಾನು ಸತ್ತೆನೆಂದು ಸುದ್ದಿ ಹಬ್ಬಿಸಿ, ಮೋಸ್ಕಾನನ್ನೇ ವಾರಸುದಾರನನ್ನಾಗಿ ಬರೆದುಕೊಟ್ಟು, ತೆರೆಯ ಹಿಂದೆ ನಿಂತು ನೋಡುವನು. ಅದೂ ಸಾಲದೆ ನ್ಯಾಯಸಭೆಯ ಜವಾನನ ವೇಷದಿಂದ ಬೀದಿಗಿಳಿದು ಅವರನ್ನು ಚುಚ್ಚುವನು. ಅತ್ತ ಮೋಸ್ಕಾ ಮನೆಯ ಬೀಗದ ಕೈಗಳನ್ನೆಲ್ಲ ತನ್ನ ವಶಮಾಡಿಕೊಂಡು, ಇದೀಗ ನರಿಯು ಬೋನಿಗೆ ಬಿದ್ದಿತೆಂದುಕೊಳ್ಳುವನು. ಕಾಗದದ ಪ್ರಕಾರ ವೋಲ್ಪೋನೆಯು ಸತ್ತಿರುವನು, ಆಸ್ತಿಯು ಮೋಸ್ಕಾನದು.

ನಿರಾಶನಾದ ವೋಲ್ತೋರೆಯು ನಿಜವನ್ನು ನುಡಿಯತೊಡಗಿದ್ದರಿಂದ ಸಭೆಯು ಮತ್ತೆ ಸೇರುವುದು. ವೋಲ್ಪೋನೆಯು ಬದುಕಿರುವನೆಂಬ ಮಾತು ಕಿವಿಗೆ ಬಿದ್ದೊಡನೆ ಆ ವಕೀಲನು, ಆಸೆಯು ಮರಳಿ ಚಿಗುರಿ, ಭೂತ ಹಿಡಿದವನಂತೆ ನೆಲಕ್ಕೆ ಬಿದ್ದು ಹೊರಳಿ ತನ್ನ ಸತ್ಯವನ್ನೇ ಹಿಂತೆಗೆದುಕೊಳ್ಳುವನು. ಅಷ್ಟರಲ್ಲಿ ಶ್ರೀಮಂತನ ಉಡುಪಿನಲ್ಲಿ ಮೋಸ್ಕಾ ಬರುವನು. ಅವನನ್ನು ಕಂಡ ನ್ಯಾಯಾಧೀಶನೊಬ್ಬನು, ಇವನು ತನ್ನ ಮಗಳಿಗೆ ತಕ್ಕ ವರನೆಂದು ಮನಸ್ಸಿನಲ್ಲಿಯೇ ಲೆಕ್ಕಹಾಕುವನು. ಆಸ್ತಿಯ ವಾಸನೆಯು ಪೀಠದ ಮೇಲಕ್ಕೂ ಏರಿತು! ಸ್ವಾಮಿಸೇವಕರಿಬ್ಬರೂ ಸಭೆಯ ನಡುವೆ ಪಿಸುಮಾತಿನಲ್ಲಿ ವ್ಯಾಪಾರಕ್ಕೆ ತೊಡಗುವರು. ಅರ್ಧ ಕೊಡುವೆಯಾ ಎಂದು ಮೋಸ್ಕಾ ಕೇಳಿದಾಗ, ಗಲ್ಲಿಗೇರಿದರೂ ಕೊಡೆನೆಂದು ವೋಲ್ಪೋನೆಯು ಹೇಳುವನು. ಮರುಗಳಿಗೆಯಲ್ಲಿಯೇ ಅರ್ಧಕ್ಕೆ ಒಪ್ಪಿದರೆ, ಅಷ್ಟು ಅಗ್ಗಕ್ಕೆ ಈಗ ಆಗದೆಂದು ಮೋಸ್ಕಾ ಹೇಳುವನು. ಉಳಿಯುವ ದಾರಿಯು ಇಬ್ಬರ ಕೈಯಲ್ಲಿಯೂ ಇದ್ದಿತು. ಒಂದು ಹಿಡಿಯಷ್ಟು ತೃಪ್ತಿಯು ಮಾತ್ರ ಇಬ್ಬರಲ್ಲಿಯೂ ಇರಲಿಲ್ಲ. ಜವಾನನಿಗೆ ಚಾಟಿಯೇಟು ಹಾಕಿರೆಂಬ ಆಜ್ಞೆಯಾದಾಗ, ತಾನು ಹಾಳಾದರೂ ಚಿಂತೆಯಿಲ್ಲ, ಸೇವಕನು ಗೆಲ್ಲಬಾರದೆಂದು ವೋಲ್ಪೋನೆಯು ವೇಷವನ್ನು ಕಳಚಿ ಎಲ್ಲವನ್ನೂ ಬಯಲುಮಾಡುವನು. ‘ಅತಿ ಆಸೆ ಗತಿ ಕೇಡು’ ಎಂಬುದು ಮೋಸಹೋದವನಿಗೆ ಮಾತ್ರ ಹೇಳಿದ ಮಾತಲ್ಲ. ಮೋಸಮಾಡಿದವನಿಗೂ ಅಷ್ಟೇ ಸಲ್ಲುವುದು.

ದಂಡನೆ

ಶಿಕ್ಷೆಗಳು ಪಾಪಕ್ಕೆ ಅಳತೆಮಾಡಿ ಹೊಲಿದಂತಿವೆ. ವಾಸಿಯಾಗದ ರೋಗವನ್ನು ನಟಿಸಿದ ವೋಲ್ಪೋನೆಯ ಸೊತ್ತೆಲ್ಲವೂ ವಾಸಿಯಾಗದ ರೋಗಿಗಳ ಆಸ್ಪತ್ರೆಗೆ ಸಲ್ಲುವುದು. ವೆನಿಸ್ಸಿನಲ್ಲಿ ಅಂತಹ ಆಸ್ಪತ್ರೆಯು ೧೫೨೨ರಿಂದ ನಿಜವಾಗಿಯೂ ಇದ್ದಿತು. ಅವನಾದರೋ ನಟಿಸಿದ ರೋಗಗಳು ನಿಜವಾಗುವವರೆಗೆ ಸಂಕೋಲೆಯಲ್ಲಿ ಬಿದ್ದಿರಬೇಕು. ಮೋಸ್ಕಾನಿಗೆ ಚಾಟಿಯೇಟು, ಆಮೇಲೆ ಆಜೀವಪರ್ಯಂತ ಹಡಗಿನಲ್ಲಿ ಹುಟ್ಟು ಹಾಕುವ ಜೀತ. ಅವನು ಕುಲೀನನಲ್ಲವೆಂದು ಅವನಿಗೆ ಚಾಟಿ, ವೋಲ್ಪೋನೆಯು ಕುಲೀನನೆಂದು ಅವನಿಗೆ ಅದಿಲ್ಲ. ಅಂದಿನ ನ್ಯಾಯಕ್ಕೂ ಕಣ್ಣಿನಲ್ಲಿ ಪೊರೆಯಿದ್ದಿತೆಂಬುದನ್ನು ಕವಿಯು ಮರೆಮಾಡಿಲ್ಲ. ವೋಲ್ತೋರೆಗೆ ವಕೀಲಿಯಿಂದಲೂ ರಾಜ್ಯದಿಂದಲೂ ಬಹಿಷ್ಕಾರ. ಕೋರ್ಬಾಚ್ಚಿಯೋವಿನ ಆಸ್ತಿಯು ಮಗನಿಗೆ. ಅವನಿಗೆ ಮಠದಲ್ಲಿ ವಾಸ, ಚೆನ್ನಾಗಿ ಬಾಳಲು ಅರಿಯದವನು ಚೆನ್ನಾಗಿ ಸಾಯುವುದನ್ನಾದರೂ ಕಲಿಯಲೆಂದು. ಪಾಪ, ಆ ಕಿವುಡನಿಗೆ ತನ್ನ ಶಿಕ್ಷೆಯೂ ಕೇಳಿಸದೆ, ಏನೆಂದರೆಂದು ಪಕ್ಕದವನನ್ನು ಕೇಳುವನು. ಕೋರ್ವಿನೋವನ್ನು ಕತ್ತೆಯ ಕಿವಿಗಳುಳ್ಳ ಟೊಪ್ಪಿಗೆಯನ್ನಿಟ್ಟು ದೋಣಿಯಲ್ಲಿ ಊರೆಲ್ಲ ಮೆರೆಸಿ, ಜನರ ನಗೆಗೆ ಗುರಿಯಾಗಿ ನಿಲ್ಲಿಸಬೇಕು. ಸೀಲಿಯಾ ಮೂರರಷ್ಟು ವರದಕ್ಷಿಣೆಯೊಡನೆ ತವರಿಗೆ ಮರಳುವಳು.

ಪ್ರಹಸನಕ್ಕೆ ಇಷ್ಟು ಕಠೋರವಾದ ಮುಕ್ತಾಯವು ಉಚಿತವೇ ಎಂಬ ಆಕ್ಷೇಪವು ಬಂದೀತೆಂದು ಕವಿಯೇ ಊಹಿಸಿದ್ದನು. ರಂಗದ ಮೇಲೆ ಪಾಪಕ್ಕೆ ಶಿಕ್ಷೆಯಾಗುವುದೇ ಇಲ್ಲವೆಂದು ದೂರುವವರ ಬಾಯಿಗೆ ಕಡಿವಾಣ ಹಾಕುವುದಕ್ಕಾಗಿ ಹೀಗೆ ಮಾಡಿದೆನೆಂದು ಅರ್ಪಣೆಯಲ್ಲಿ ಸಮಾಧಾನ ಹೇಳಿರುವನು. ೧೯೨೬ರಲ್ಲಿ ಆಸ್ಟ್ರಿಯಾದ ಲೇಖಕ ಸ್ಟೆಫಾನ್ ಜ್ವೈಗನು ಈ ನಾಟಕವನ್ನು ಜರ್ಮನ್ ಭಾಷೆಯಲ್ಲಿ ಹೊಸದಾಗಿ ಬರೆದಾಗ ಮುಕ್ತಾಯವನ್ನು ಮಾರ್ಪಡಿಸಿದನು; ಅಲ್ಲಿ ಮೋಸ್ಕಾ ದಂಡನೆಗೆ ಸಿಕ್ಕದೆ ಐಶ್ವರ್ಯಕ್ಕೆ ಒಡೆಯನಾಗುವನು. ಆ ರೂಪವು ಹೆಚ್ಚು ನಗಿಸುವುದು. ಆದರೆ ಮಗನನ್ನು ಮಾರಿದ ತಂದೆಯನ್ನೂ ಹೆಂಡತಿಯನ್ನು ಮಾರಿದ ಗಂಡನನ್ನೂ ಕಂಡ ಮೇಲೆ, ಬರಿಯ ನಗೆಯಿಂದ ಮನಸ್ಸು ಹಗುರಾಗುವುದಿಲ್ಲವೆಂದು ನನ್ನ ಅಭಿಪ್ರಾಯ.

ಗೃಹಸ್ಥರಾದ ನಮಗೆ ಈ ನಾಟಕದಿಂದ ಬರುವುದೇನು? ಹೆಂಡತಿಯನ್ನು ಮಾರುವ ಕೋರ್ವಿನೋಗಳು ನಮ್ಮ ನೆರೆಯಲ್ಲಿಲ್ಲ. ಸಾಯುವಂತೆ ನಟಿಸುವ ಕೋಟ್ಯಧಿಪತಿಗಳೂ ಇಲ್ಲ. ಆದರೆ ವಯಸ್ಸಾದ ತಂದೆತಾಯಿಗಳು, ಮಕ್ಕಳಿಲ್ಲದ ದೊಡ್ಡಪ್ಪ, ವಿಧವೆಯಾದ ಸೋದರತ್ತೆ ಇವರಿಲ್ಲದ ಮನೆಗಳು ಎಷ್ಟಿವೆ? ಹೊಲವೆಷ್ಟು, ಮನೆ ಯಾರಿಗೆ, ಒಡವೆ ಯಾರ ಪಾಲಿಗೆ ಎಂಬ ಲೆಕ್ಕವು ಒಮ್ಮೆ ಮನಸ್ಸಿನೊಳಗೆ ಹೊಕ್ಕಿತೆಂದರೆ, ಮಂಚದ ಮೇಲಿರುವವರು ಮನುಷ್ಯರಾಗಿ ಕಾಣುವುದನ್ನು ನಿಲ್ಲಿಸಿ ಆಸ್ತಿಯಾಗಿ ಕಾಣತೊಡಗುವರು. ಹಿರಿಯರಲ್ಲಿಯೂ ಕೆಲವರು, ಉಯಿಲಿನ ಆಸೆಯನ್ನು ತೋರಿಸುತ್ತ ಇಂದು ಒಬ್ಬನಿಗೆ, ನಾಳೆ ಮತ್ತೊಬ್ಬನಿಗೆ ಎಂದು ಸೂಚಿಸಿ, ಸೊಸೆಯರನ್ನೂ ಮಕ್ಕಳನ್ನೂ ತಮ್ಮ ಸುತ್ತ ಸುತ್ತಿಸುವುದುಂಟು. ಅದೂ ನರಿಯ ವಿದ್ಯೆಯೇ. ಕೊಡಬೇಕಾದುದನ್ನು ಬಹಿರಂಗವಾಗಿ, ಕಾಲದಲ್ಲಿ, ನ್ಯಾಯವಾಗಿ ಬರೆದಿಟ್ಟ ಮನೆಯಲ್ಲಿ ನೊಣಕ್ಕೆ ಕೆಲಸವಿರುವುದಿಲ್ಲ.

ಮನೆಯಲ್ಲಿ ಹಿರಿಯರೊಬ್ಬರು ಬಹುಕಾಲ ಹಾಸಿಗೆ ಹಿಡಿದಿದ್ದು, ಒಂದು ದಿನ ವೈದ್ಯನು ಹೊರಬಂದು, ಗಂಡಾಂತರ ಕಳೆಯಿತು, ಇನ್ನೂ ಹತ್ತು ವರ್ಷ ಬದುಕುವರು ಎಂದು ಹೇಳುವನೆನ್ನಿ. ಆ ಮಾತು ಕಿವಿಗೆ ಬಿದ್ದ ಮೊದಲನೆಯ ಕ್ಷಣದಲ್ಲಿ, ಬಾಯಿ ಏನನ್ನಾದರೂ ಹೇಳುವುದಕ್ಕೆ ಮುಂಚೆ, ಎದೆಯಲ್ಲಿ ಏಳುವುದು ಸಂತೋಷವೋ, ಇಲ್ಲವೆ ಬೇರೇನೋ? ಅದನ್ನು ಬಲ್ಲವರು ನಮ್ಮನ್ನು ಬಿಟ್ಟು ಮತ್ತಾರೂ ಇಲ್ಲ. ಕೋರ್ಬಾಚ್ಚಿಯೋ ಆ ಕ್ಷಣದಲ್ಲಿ ಹೇಳುತ್ತಿದ್ದ ಮಾತು ಯಾವುದೆಂದು ವಾಚಕರು ಈಗಾಗಲೇ ಬಲ್ಲರು.